ಮುಚ್ಚಿದ ಕೋಣೆಯ ಗಾಳಿ

1922ನೆಯ ಇಸವಿ ನವೆಂಬರ್ 26ರಂದು ಈಜಿಪ್ಟಿನ ‘ದೊರೆಗಳ ಕಣಿವೆ’ಯಲ್ಲಿ ಪುರಾತತ್ತ್ವ ಸಂಶೋಧಕ ಹೋವರ್ಡ್ ಕಾರ್ಟರ್ ಅವರು, ಗಾರೆ ಮೆತ್ತಿ ಮುದ್ರೆಯೊತ್ತಿದ್ದ ಬಾಗಿಲೊಂದರ ಮೂಲೆಯಲ್ಲಿ ಸಣ್ಣ ಕಂಡಿಯನ್ನು ಕೊರೆದರು. ತುತಾಂಖಾಮನ್ ಎಂಬ ಎಳೆಯ ದೊರೆಯ ಸಮಾಧಿಯದು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಮುಚ್ಚಿದ್ದುದು. ಕಾರ್ಟರ್ ಕೂಡಲೇ ಇಣುಕಿ ನೋಡಲಿಲ್ಲ. ಮೋಂಬತ್ತಿಯೊಂದನ್ನು ಹಚ್ಚಿ ಕಂಡಿಗೆ ಹಿಡಿದು, ಒಳಗಿನ ಗಾಳಿ ಕೆಟ್ಟಿದೆಯೇ ಎಂದು ಪರೀಕ್ಷಿಸಿದರು. ಹೊರನುಗ್ಗಿದ ಬಿಸಿಗಾಳಿಗೆ ಜ್ವಾಲೆ ಹೊಯ್ದಾಡಿತೇ ಹೊರತು ಆರಲಿಲ್ಲ. ಆ ಬೆಳಕಿನಲ್ಲಿ ಕಂಡ ಚಿನ್ನದ ವಿಷಯವನ್ನು ಜಗತ್ತು ನೂರು ವರ್ಷಗಳಿಂದ ಆಡಿಕೊಳ್ಳುತ್ತಲೇ ಬಂದಿದೆ. ಮೋಂಬತ್ತಿಯ ಮೊದಲ ಕೆಲಸವನ್ನು ನೆನೆಯುವವರು ವಿರಳ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ಹಿರಿಯರಿಗೆ ಈ ಪರೀಕ್ಷೆ ಹೊಸದಲ್ಲ. ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಇಡುವ ಪದ್ಧತಿಯಿತ್ತು. ಕಾಳೂ ಉಸಿರಾಡುತ್ತದೆ, ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲಿ ನಿಲ್ಲುತ್ತದೆ. ಹಗೇವು ತೆರೆದೊಡನೆ ಇಳಿದವನು ಕೂಗುವಷ್ಟು ವ್ಯವಧಾನವೂ ಇಲ್ಲದೆ ಕುಸಿಯುತ್ತಿದ್ದನು. ಆದುದರಿಂದಲೇ ಬಾಯಿ ತೆರೆದು ಹೊತ್ತು ಕಳೆಯಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವ ಕಟ್ಟಳೆ ಹುಟ್ಟಿತು.

ಇಷ್ಟು ಸರಳವಾದ ಸಂಗತಿ ಶಾಪವಾಗಿ ಬೆಳೆದದ್ದು ಹೇಗೆ? ಉತ್ಖನನಕ್ಕೆ ಹಣವೊದಗಿಸಿದ್ದ ಲಾರ್ಡ್ ಕಾರ್ನಾರ್ವನ್, 1923ರ ಫೆಬ್ರವರಿಯಲ್ಲಿ ಶವದ ಕೋಣೆ ತೆರೆದ ಕೆಲವೇ ವಾರಗಳಲ್ಲಿ, ಏಪ್ರಿಲ್ 5ರಂದು ಕೈರೋ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ 56 ವರ್ಷ. ಸಮಾಧಿಯ ಸುದ್ದಿಯನ್ನು ಅವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೊಂದಕ್ಕೇ ಮಾರಿದ್ದರು. ಮಿಕ್ಕ ಪತ್ರಿಕೆಗಳು ಹಸಿದು ಕುಳಿತಿದ್ದವು. ಅವುಗಳಿಗೆ ಈ ಸಾವು ಹಬ್ಬದೂಟವಾಯಿತು. ಸಮಾಧಿಯಲ್ಲಿ ಇಲ್ಲದ ಶಾಪಶಾಸನವೊಂದು ಅಚ್ಚಿನಲ್ಲಿ ಹುಟ್ಟಿತು. ತರ್ಕಕ್ಕೆ ಹೆಸರಾದ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರೇ, ಪುರೋಹಿತರು ಕಾವಲಿಟ್ಟ ದುಷ್ಟಶಕ್ತಿಗಳ ಕೆಲಸವಿದ್ದೀತೆಂದು ನುಡಿದರು.

ವೈದ್ಯಕೀಯ ಕಾರಣವಾದರೋ ಕಣ್ಣಮುಂದೆಯೇ ಇತ್ತು. ಹಿಂದೆ ಮೋಟಾರು ಅಪಘಾತವೊಂದರಿಂದ ಕಾರ್ನಾರ್ವನ್ನರ ಆರೋಗ್ಯ ಕೆಟ್ಟು, ಶ್ವಾಸಕೋಶಗಳು ದುರ್ಬಲವಾಗಿದ್ದವು. ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ ಕ್ಷೌರ ಮಾಡಿಕೊಳ್ಳುವಾಗ ಕೊಯ್ದು, ನಂಜೇರಿ, ರಕ್ತಕ್ಕೆ ಹಬ್ಬಿ, ಕೊನೆಗೆ ನ್ಯುಮೋನಿಯಾ ಆಯಿತು. ಅಂದು ಪೆನಿಸಿಲಿನ್ ಇರಲಿಲ್ಲ. ಫ್ಲೆಮಿಂಗ್ ಅದನ್ನು ಕಂಡದ್ದು 1928ರಲ್ಲಿ.

ಶಾಪವು ನಿಜವಾಗಿದ್ದರೆ ಮೊದಲು ತಟ್ಟಬೇಕಾದದ್ದು ಮುದ್ರೆ ಒಡೆದ ಕಾರ್ಟರ್ ಅವರಿಗೆ. ಅವರು 1939ರವರೆಗೆ ಬದುಕಿದರು. ತಂದೆಯೊಡನೆ ಒಳಹೊಕ್ಕಿದ್ದ ಕಾರ್ನಾರ್ವನ್ನರ ಮಗಳು ಈವ್‌ಲಿನ್ 1980ರವರೆಗೆ ಬಾಳಿದರು. ಶವವನ್ನೇ ಕೊಯ್ದು ಪರೀಕ್ಷಿಸಿದ ಡಾಕ್ಟರ್ ಡೆರಿ ಎಂಬತ್ತು ದಾಟಿ 1961ರಲ್ಲಿ ತೀರಿಕೊಂಡರು. ಆಸ್ಟ್ರೇಲಿಯದ ಮಾರ್ಕ್ ನೆಲ್ಸನ್ ಅವರು 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಈ ಲೆಕ್ಕವನ್ನು ಶಾಸ್ತ್ರೀಯವಾಗಿಯೇ ಹಾಕಿದರು. ಆ ಕಾಲದಲ್ಲಿ ಈಜಿಪ್ಟಿನಲ್ಲಿದ್ದರೆಂದು ಕಾರ್ಟರ್ ಹೆಸರಿಸಿದ್ದ 44 ಪಾಶ್ಚಾತ್ಯರಲ್ಲಿ 25 ಮಂದಿ ಸಮಾಧಿಯ ಒಳಗಣ ಮುಖ್ಯ ಘಟನೆಗಳಲ್ಲಿ ಹಾಜರಿದ್ದವರು. ಅವರು ಸರಾಸರಿ 70ನೆಯ ವಯಸ್ಸಿನಲ್ಲಿ, ಉಳಿದವರು 75ರಲ್ಲಿ ಮೃತರಾಗಿದ್ದರು. ಇಷ್ಟು ಚಿಕ್ಕ ಗುಂಪುಗಳಲ್ಲಿ ಆ ಅಂತರಕ್ಕೆ ಅರ್ಥವಿಲ್ಲವೆಂದು, ಶಾಪಕ್ಕೆ ಆಧಾರವಿಲ್ಲವೆಂದು ಅವರು ತೀರ್ಮಾನಿಸಿದರು.

ನಮ್ಮಲ್ಲಿಯೂ ಈ ಮನೋಧರ್ಮವಿಲ್ಲವೆಂದಲ್ಲ. 2011ರಲ್ಲಿ ತಿರುವನಂತಪುರದ ಅನಂತಪದ್ಮನಾಭ ದೇವಾಲಯದ ನೆಲಮಾಳಿಗೆಗಳನ್ನು ಸುಪ್ರೀಂ ಕೋರ್ಟಿನ ಆಜ್ಞೆಯಂತೆ ತೆರೆಯುತ್ತಿದ್ದಾಗ, ಮೊಕದ್ದಮೆ ಹೂಡಿದ್ದ ವೃದ್ಧರೊಬ್ಬರು ಜುಲೈನಲ್ಲಿ ತೀರಿಕೊಂಡರು. ತೆರೆಯದೆ ಉಳಿದ ‘ಬಿ’ ಕೋಣೆಗೂ ಅವರ ಸಾವಿಗೂ ಜನ ಒಡನೆಯೇ ಗಂಟು ಹಾಕಿದರು. ಆ ಬಾಗಿಲನ್ನು ತೆರೆಯುವ ವಿಚಾರವನ್ನು ನ್ಯಾಯಾಲಯ 2020ರಲ್ಲಿ ಆಡಳಿತ ಸಮಿತಿಯ ವಿವೇಚನೆಗೆ ಬಿಟ್ಟಿತು.

ಹಾಗೆಂದು ಹಳೆಯ ಕೋಣೆಗಳು ನಿರಪಾಯವೆಂದು ಹೇಳಲಾಗದು. 1973ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ನಾಲ್ಕನೆಯ ಕಾಸಿಮಿರ್ ದೊರೆಯ ಸಮಾಧಿಯನ್ನು ತೆರೆದ ತಜ್ಞರಲ್ಲಿ ಹಲವರು ಅಲ್ಪಕಾಲದಲ್ಲಿಯೇ ಅಸುನೀಗಿದರು. ಅಲ್ಲಿನ ಅವಶೇಷಗಳಲ್ಲಿ ‘ಆಸ್ಪರ್ಜಿಲಸ್ ಫ್ಲೇವಸ್’ ಎಂಬ ಬೂಷ್ಟು ಪತ್ತೆಯಾಯಿತು. ಸಾವುಗಳಿಗೆ ಅದೇ ಕಾರಣವೆಂಬುದು ಸಿದ್ಧಪಟ್ಟಿಲ್ಲ. ಆದರೂ ಶ್ವಾಸಕೋಶ ಹಾಳಾದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಮಾರಕವಾಗಬಲ್ಲದು. ಬೀಗ ಹಾಕಿದ ಕೋಣೆ, ಹಳೆಯ ಕಾಗದದ ಕಟ್ಟು, ಮಳೆಗಾಲದಲ್ಲಿ ತೇವ ಹಿಡಿದ ಗೋಡೆ—ಇವನ್ನು ಶುಚಿಗೊಳಿಸುವಾಗ ಅಂಥವರು ದೂರವಿರುವುದೇ ಲೇಸು. ಉಳಿದವರು ಕಿಟಕಿ ತೆರೆದು, ಮೂಗುಬಾಯಿಗಳನ್ನು ಮುಚ್ಚಿಕೊಂಡು ಕೆಲಸ ಮಾಡಬೇಕು.

ಈ ಬೂಷ್ಟಿನ ಹೆಚ್ಚು ಪರಿಚಿತವಾದ ಬೀಡು ರಾಜರ ಸಮಾಧಿಯಲ್ಲ, ಅಡಿಗೆಮನೆ. ತೇವದ ಶೇಂಗಾ, ಮೆಕ್ಕೆಜೋಳಗಳಲ್ಲಿ ಬೆಳೆದು ಅದು ‘ಅಫ್ಲಟಾಕ್ಸಿನ್’ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತಾಗ ಈ ವಿಷ ಬೆಳಕಿಗೆ ಬಂದಿತು. ದೀರ್ಘಕಾಲ ದೇಹಕ್ಕೆ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ಶೇಂಗಾಬೀಜವನ್ನು ‘ಚಟ್ನಿಪುಡಿಗೆ ಆದೀತು’ ಎಂದು ಉಳಿಸುವ ಮಿತವ್ಯಯ ಬೇಡ. ವಿಚಿತ್ರವೆಂದರೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2025ರಲ್ಲಿ ಇದೇ ಬೂಷ್ಟಿನಿಂದ ಪಡೆದ ಅಣುಗಳನ್ನು ಮಾರ್ಪಡಿಸಿ, ಪ್ರಯೋಗಶಾಲೆಯಲ್ಲಿ ರಕ್ತಕ್ಯಾನ್ಸರಿನ ಕೋಶಗಳನ್ನು ಕೊಂದು ತೋರಿಸಿದ್ದಾರೆ. ಔಷಧವಾಗಲು ಇನ್ನೂ ದೂರ ಸಾಗಬೇಕು.

ಮುಚ್ಚಿದ ಜಾಗದ ಗಾಳಿಯಿಂದ ಇಂದು ಸಾಯುತ್ತಿರುವವರು ಪುರಾತತ್ತ್ವಜ್ಞರಲ್ಲ. ಮಹಾನಗರಗಳ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಯುವ ಬಡವರು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ, ಆದುದರಿಂದ ‘ವಾಸನೆ ಹೋಯಿತು’ ಎನಿಸಿದ ಕ್ಷಣವೇ ಘೋರವಾದುದು. ಹಗೇವಿನ ಕಂದೀಲು ಇಲ್ಲಿ ಸಲ್ಲದು: ಈ ವಿಷವನ್ನು ಅದು ತಿಳಿಸದು, ಮಿಥೇನ್ ಇದ್ದರೆ ಸ್ಫೋಟಕ್ಕೂ ಕಾರಣವಾದೀತು. ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಇಳಿದ ಎರಡನೆಯವನೂ ಮೂರನೆಯವನೂ ಅಲ್ಲಿಯೇ ಉಳಿಯುವುದು ಪದೇ ಪದೇ ಕೇಳಿಬರುವ ವಾರ್ತೆ. ರಕ್ಷಣಾಸಾಮಗ್ರಿಯಿಲ್ಲದೆ ಹೀಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಕಟ್ಟಡದ ಸೊಸೈಟಿಗಳಲ್ಲಿ ಪದಾಧಿಕಾರಿಗಳಾದ ಕನ್ನಡಿಗರು ಅಗ್ಗದ ದರಕ್ಕೆ ಒಪ್ಪಿಕೊಳ್ಳುವ ಮುನ್ನ, ಯಂತ್ರವಿದೆಯೇ ಎಂದು ವಿಚಾರಿಸಬೇಕು.

ಪ್ರಾಚೀನ ಕೋಣೆಗಳ ವಿಷಯದಲ್ಲಿ ಅಪಾಯ ತಿರುಗುಮುರುಗಾದುದೇ ಹೆಚ್ಚು. ಜಪಾನಿನ ಆಸುಕ ಗ್ರಾಮದಲ್ಲಿ 1972ರಲ್ಲಿ ತಕಾಮತ್ಸುಝುಕ ಎಂಬ ಸಮಾಧಿಯನ್ನು ತೆರೆದಾಗ, ಸುಮಾರು 1,300 ವರ್ಷಗಳ ಹಿಂದಿನ ಭಿತ್ತಿಚಿತ್ರಗಳು ಕಂಡವು. ಎಷ್ಟು ಜೋಪಾನ ಮಾಡಿದರೂ ಬೂಷ್ಟು ಏರಿ, 2007ರಲ್ಲಿ ಕಲ್ಲಿನ ಕೋಣೆಯನ್ನೇ ಬಿಚ್ಚಿ ಸಾಗಿಸಬೇಕಾಯಿತು. ತುತಾಂಖಾಮನ್ ಸಮಾಧಿಯ ಗೋಡೆಗಳ ಕಂದು ಕಲೆಗಳನ್ನು ಗೆಟ್ಟಿ ಸಂಸ್ಥೆಯವರು 1920ರ ದಶಕದ ಛಾಯಾಚಿತ್ರಗಳೊಡನೆ ಹೋಲಿಸಿದಾಗ ಅವು ಬೆಳೆದಿರಲಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಎಂದೋ ಸತ್ತಿದ್ದವು. ಆ ಗೋಡೆಗಳಿಗೆ ಈಗಿನ ಪೀಡೆ ಪ್ರವಾಸಿಗಳು ತರುವ ಧೂಳು ಮತ್ತು ಅವರ ಉಸಿರಿನ ತೇವ. ಅದಕ್ಕಾಗಿಯೇ ಸಂಸ್ಥೆಯವರು ಅಲ್ಲಿ ಗಾಳಿ ಸೋಸುವ ವ್ಯವಸ್ಥೆಯನ್ನು ಅಳವಡಿಸಿದರು.

ಈ ಅನುಭವಗಳಾದ ಮೇಲೆ ಒಡೆದು ನೋಡುವ ಆತುರ ತಗ್ಗಿದೆ. ಖೂಫು ದೊರೆಯ ಮಹಾಪಿರಮಿಡ್ಡಿನಲ್ಲಿ, ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳ ನೆರವಿನಿಂದ 2017ರಲ್ಲಿ ಕನಿಷ್ಠ 30 ಮೀಟರ್ ಉದ್ದದ ಟೊಳ್ಳೊಂದನ್ನು ಗುರುತಿಸಲಾಯಿತು. 2023ರಲ್ಲಿ ಉತ್ತರ ಮುಖದ ಕಲ್ಲುಗಳ ಸಂದಿನಲ್ಲಿ, ವೈದ್ಯರು ಜಠರವನ್ನು ನೋಡಲು ಬಳಸುವಂಥ ಎಂಡೋಸ್ಕೋಪನ್ನು ತೂರಿಸಿ, ಸುಮಾರು 9 ಮೀಟರ್ ಉದ್ದದ ಇನ್ನೊಂದು ಓಣಿಯನ್ನು ನೋಡಿದರು. ಓಣಿ ಬರಿದಾಗಿತ್ತು. ಅದರೊಳಗೆ ಯಾರೂ ಕಾಲಿಡಲಿಲ್ಲ.