ಗೂಡಿನ ಬೆಲೆ ಬಿದ್ದಾಗ ಕೆಲಸದವರ ಮುಂದೆ ಲೆಕ್ಕ ಬಿಚ್ಚಿಟ್ಟೆವು

“ಏನಣ್ಣ, ಮುಂದಿನ ಬೆಳೆ ಇಕ್ತೀಯಾ, ಇಲ್ಲ ತೋಟ ಕಿತ್ತಾಕ್ತೀಯಾ?”

2011ರ ಬೇಸಿಗೆ. ಸೊಪ್ಪು ಕೊಯ್ಯುತ್ತಿದ್ದ ಹಿರಿಯ ಹೆಂಗಸೊಬ್ಬರು ಹೀಗೆ ಕೇಳಿದರು. ಉತ್ತರ ಹೇಳದೆ ಪಂಪ್‌ಸೆಟ್ ಕಡೆ ನಡೆದುಬಿಟ್ಟೆ. ಆ ವರ್ಷ ನಾನು ಮಾಡಿದ ದೊಡ್ಡ ತಪ್ಪು ಅದೇ.

ನಂದಿ ಬೆಟ್ಟದ ಬುಡದಲ್ಲಿ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ. ಮನೆಯವಳು, ನಾನು, ಜೊತೆಗೆ ಐದು ಜನ ಕೆಲಸದವರು. ಗೂಡು ಹೋಗುವುದು ಶಿಡ್ಲಘಟ್ಟ ಮಾರುಕಟ್ಟೆಗೆ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು. ರೀಲರ್ ತನ್ನ ನೂಲನ್ನು ಅದರ ಎದುರು ಮಾರಬೇಕು. ಆದ್ದರಿಂದ ಗೂಡಿಗೆ ಕೂಗುವ ಬೆಲೆ ತಗ್ಗಿಸಿದ. ಕಿಲೋಗೆ 300 ರೂಪಾಯಿ ಆಸುಪಾಸಿನಲ್ಲಿದ್ದ ನಮ್ಮ ಮಿಶ್ರತಳಿ ಗೂಡು ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಬಂತು. ಸುತ್ತಮುತ್ತ ಹಲವರು ಹಿಪ್ಪುನೇರಳೆ ಕಿತ್ತೇಬಿಟ್ಟರು.

ಬಾಯಿ ಮುಚ್ಚಿದ್ದರ ಫಲ

ಕೆಲಸದವರು ಹೆದರಿಯಾರು ಎಂದು ನಾನು ಏನೂ ಹೇಳಲಿಲ್ಲ. ಅವರು ಮತ್ತೂ ಹೆದರಿದರು. ಹುಳ ನಾಲ್ಕನೇ ಜ್ವರದಿಂದ ಎದ್ದ ಮೂರನೇ ದಿನ ಇಬ್ಬರು ಬರಲೇ ಇಲ್ಲ. ಪಕ್ಕದೂರಿನ ದ್ರಾಕ್ಷಿ ತೋಟದಲ್ಲಿ ಕೆಲಸ ಹಿಡಿದಿದ್ದರು.

ಹುಳ ಸಾಕಿದವರಿಗೆ ಗೊತ್ತು, ಅದೆಂಥ ಹೊತ್ತು ಎಂದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಹುಳ ತಿನ್ನುವುದು ಆ ಕೊನೆಯ ಹಂತದಲ್ಲೇ. ಒಂದು ಹೊತ್ತು ತಪ್ಪಿದರೆ ಗೂಡಿನ ತೂಕದಲ್ಲಿ ಕಾಣುತ್ತದೆ. ಬೆಲೆಯಲ್ಲಿ ಹೋದದ್ದು ಸಾಲದೆಂದು ತೂಕದಲ್ಲೂ ಕಳೆದುಕೊಂಡೆವು.

ಚೀಟಿ ಓದಿದ ಸಂಜೆ

ಗೂಡು ಮಾರಿ ಬಂದ ಸಂಜೆ ಎಲ್ಲರನ್ನೂ ಕರೆದೆವು, ಬಿಟ್ಟು ಹೋದ ಇಬ್ಬರನ್ನೂ ಸೇರಿಸಿ. ಹುಳುಮನೆ ಜಗಲಿ ಮೇಲೆ ಕೂತು ಮಾರುಕಟ್ಟೆ ಚೀಟಿ ಓದಿದೆ. 300 ಮೊಟ್ಟೆಗೆ 186 ಕಿಲೋ ಗೂಡು. ಕಿಲೋಗೆ 150ರಂತೆ 27,900 ರೂಪಾಯಿ. ಚಾಕಿ, ಗೊಬ್ಬರ, ಸುಣ್ಣ, ಬ್ಲೀಚಿಂಗ್ ಪುಡಿ, ಗಾಡಿ ಬಾಡಿಗೆ 11,400. ಕೂಲಿ 13,500. ಮನೆಗೆ ಉಳಿದದ್ದು 3,000.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹಿರಿಯಮ್ಮ, “ಇಷ್ಟೇನಾ ನಿಂಗೆ ಉಳಿಯೋದು? ಬಚ್ಚಿಡ್ತಾ ಇದ್ದೀಯ ಅನ್ಕೊಂಡಿದ್ವಿ” ಅಂದರು.

ನಾನು ಹೇಳಿದ್ದು ಇಷ್ಟೇ: “ದಿನದ ಕೂಲಿ ಇಳಿಸಲ್ಲ. ಕೆಲಸದ ದಿನ ಕಡಿಮೆ ಆಗಬಹುದು. ಮೂರು ಬೆಳೆ ನೋಡೋಣ. ಆಗೋದೇ ಇಲ್ಲ ಅಂದ್ರೆ ಒಂದು ತಿಂಗಳು ಮೊದ್ಲೇ ಹೇಳ್ತೀನಿ.” ಬೆಲೆ ಏರುತ್ತದೆ ಎಂದು ಮಾತ್ರ ಹೇಳಲಿಲ್ಲ. ಅದು ನನ್ನ ಕೈಲಿರಲಿಲ್ಲ.

ದಾರಿ ಹೇಳಿದ್ದು ಅವರೇ

“ಒಟ್ಟಿಗೆ ಯಾಕಣ್ಣ ಇಕ್ತೀಯ? ಅರ್ಧರ್ಧ ಮಾಡು” ಎಂದವರು ಅವರೇ. ತೋಟವನ್ನು ಎರಡು ಪಾಲು ಮಾಡಿ ತಿಂಗಳಿಗೊಂದರಂತೆ 150 ಮೊಟ್ಟೆಯ ಸಣ್ಣ ಬೆಳೆ ಹಿಡಿದೆವು. ಮಾರುಕಟ್ಟೆ ಬಿದ್ದ ದಿನ ನಮ್ಮ ಅರ್ಧ ಮಾಲು ಮಾತ್ರ ಸಿಕ್ಕಿಬೀಳುತ್ತದೆ. ಕೆಲಸವೂ ಒಂದೇ ವಾರಕ್ಕೆ ಮುಗಿಬೀಳುವುದಿಲ್ಲ. ಒಂದು ಎಚ್ಚರಿಕೆ: ಎರಡು ಬೆಳೆ ನಡುವೆ ಹುಳುಮನೆ ತೊಳೆದು, ಸೋಂಕು ನಿವಾರಣೆ ಮಾಡಿ, ಖಾಲಿ ಬಿಡಲು ದಿನ ಸಿಗಲೇಬೇಕು. ಅವಸರ ಮಾಡಿದರೆ ರೋಗ ಕಟ್ಟಿಟ್ಟ ಬುತ್ತಿ.

ಎಲೆ ಬಿಡಿಸುವುದು ಬಿಟ್ಟು ರೆಂಬೆಯನ್ನೇ ಕತ್ತರಿಸಿ ಹಾಕುವ ಪದ್ಧತಿಗೆ ಬಂದಾಗ ಮತ್ತೆ ಗಾಬರಿ. “ಕೈ ಕಡಿಮೆ ಸಾಕು ಅಂದ್ರೆ ನಮ್ಗೆ ಕೆಲ್ಸ ಎಲ್ಲೈತಣ್ಣ?” ಕೇಳಿದ್ದು ನ್ಯಾಯವೇ. ಹತ್ತು ಗುಂಟೆಯಲ್ಲಿ ಚೆಂಡು ಹೂ ಹಾಕಿದೆವು. ಹುಳದ ಕೆಲಸ ಇಲ್ಲದ ದಿನ ಹೂ ಬಿಡಿಸುವ ಕೆಲಸ. ಆದರೂ ಐವರಿಗೆ ಸಾಲಲಿಲ್ಲ. ಒಬ್ಬ ಹುಡುಗನಿಗೆ ತಿಂಗಳು ಮೊದಲೇ ಹೇಳಿ, ಬಾಕಿ ಚುಕ್ತಾ ಮಾಡಿ ಕಳಿಸಿಕೊಟ್ಟೆ. ಆ ದಿನ ಊಟ ಸೇರಲಿಲ್ಲ. ಎಲ್ಲರನ್ನೂ ಉಳಿಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ.

2013ರ ಬಜೆಟ್ಟಿನಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಅಷ್ಟರವರೆಗೆ ತೋಟ ಉಳಿದಿತ್ತು, ನಾಲ್ವರೂ ಇದ್ದರು. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು ಗೂಡಿನ ಬೆಲೆ ಮತ್ತೆ ಕುಸಿದಾಗ ಮೊದಲ ವಾರವೇ ಜಗಲಿ ಮೇಲೆ ಕೂತೆವು. ಆ ಸಲ ಯಾರೂ ಬೆಳೆ ನಡುವೆ ಬಿಟ್ಟು ಹೋಗಲಿಲ್ಲ.

ಕಷ್ಟ ಬಂದಾಗ ನೀವು ಮಾಡಬಹುದಾದ್ದು

* ಊರ ಮಾತು ಮುಟ್ಟುವ ಮೊದಲು ನೀವೇ ಹೇಳಿ.
* ಬಾಯಿಮಾತು ಬೇಡ, ಚೀಟಿ ಮುಂದಿಡಿ.
* ನಡೆಸಲಾಗುವ ಮಾತು ಮಾತ್ರ ಕೊಡಿ, ದಿನ ಗೊತ್ತುಮಾಡಿ.
* ಗೂಡು ಮಾರಿದ ದಿನ ಕೂಲಿಯ ಬಾಕಿಯೇ ಮೊದಲು ತೀರಲಿ.

ಹಿರಿಯಮ್ಮನಿಗೆ ಈಗ ಕೈಲಾಗುವುದಿಲ್ಲ. ಸೊಸೆ ಬರುತ್ತಾಳೆ. ಗೂಡು ಮಾರಿ ಬಂದ ಸಂಜೆ ಆಕೆಯೂ ಮೊದಲು ಕೇಳುವುದು, “ಚೀಟಿ ಎಲ್ಲಣ್ಣ?”