ಶುಶ್ರೂಷೆಯ ಮೂಲತತ್ತ್ವಗಳು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ಉಳಿದವರೆಲ್ಲರ ದಿನಚರಿಯೂ ಬದಲಾಗುತ್ತದೆ. ವೈದ್ಯರು ರೋಗಿಯನ್ನು ಪರೀಕ್ಷಿಸಿ ಔಷಧವನ್ನು ಬರೆದುಕೊಡುವುದು ಹತ್ತು ನಿಮಿಷಗಳ ಕೆಲಸ. ದಿನದ ಉಳಿದ ಹೊತ್ತೆಲ್ಲ ರೋಗಿಯು ಯಾರ ಕೈಯಲ್ಲಿರುತ್ತಾನೆ? ತಾಯಿಯ, ಮಗಳ, ಸೊಸೆಯ, ಮೊಮ್ಮಗನ ಕೈಯಲ್ಲಿ. ಔಷಧದ ವಿಷಯವನ್ನು ವೈದ್ಯರು ಬಲ್ಲರು. ಈ ಉಳಿದ ಹೊತ್ತಿನ ವಿಷಯವನ್ನು ನಾವು ಬಲ್ಲವರಾಗಿರಬೇಕು. ಇದನ್ನೇ ಶುಶ್ರೂಷೆಯೆನ್ನುತ್ತಾರೆ. ಅದರ ಮೂಲತತ್ತ್ವಗಳನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ನನಗೊಂದು ಕಾರಣವುಂಟು. ನನ್ನ ಬಾಲ್ಯದಲ್ಲಿ ನಮ್ಮ ಅಜ್ಜಿ ಪಾರ್ಶ್ವವಾಯುವಿಗೆ ತುತ್ತಾಗಿ ಮಲಗಿದರು. ಮನೆಯವರ ಪ್ರೀತಿಗೆ ಏನೂ ಕೊರತೆಯಿರಲಿಲ್ಲ. "ಪಾಪ, ನೋವಾದೀತು, ಅಲುಗಾಡಿಸಬೇಡಿ" ಎಂದು ಎಲ್ಲರೂ ಹೇಳುತ್ತಿದ್ದರು, ಯಾರೂ ಅಲುಗಾಡಿಸಲಿಲ್ಲ. ಮೂರನೆಯ ವಾರದಲ್ಲಿ ಸೊಂಟದ ಹಿಂಬದಿಯಲ್ಲಿ ಅಂಗೈಯಗಲದ ಹುಣ್ಣು ಕಾಣಿಸಿತು. ಕೊನೆಗೆ ಅಜ್ಜಿಯನ್ನು ಕೊಂಡೊಯ್ದುದು ಪಾರ್ಶ್ವವಾಯುವಲ್ಲ, ನಂಜೇರಿದ ಆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಒಂದು ಮಾತನ್ನು ಯಾರಾದರೂ ನಮಗೆ ತಿಳಿಸಿದ್ದರೆ ಆಕೆ ಇನ್ನೂ ಕೆಲವು ಕಾಲ ನಮ್ಮೊಡನೆ ಇರುತ್ತಿದ್ದರೇನೋ! ಪ್ರೀತಿಯೊಂದೇ ಸಾಲದು, ಅದರ ಜೊತೆಗೆ ತಿಳಿವಳಿಕೆಯೂ ಬೇಕೆಂಬುದನ್ನು ನಾನು ಅಂದು ಕಲಿತೆನು.

'ಶುಶ್ರೂಷೆ' ಎಂಬ ಶಬ್ದವೇ ವಿಚಾರಯೋಗ್ಯವಾದುದು. ಸಂಸ್ಕೃತದ 'ಶ್ರು' ಧಾತುವಿಗೆ ಕೇಳುವುದೆಂದು ಅರ್ಥ. 'ಶುಶ್ರೂಷಾ' ಎಂದರೆ ಕೇಳಬೇಕೆಂಬ ಇಚ್ಛೆ. ಅದರಿಂದಲೇ ಸೇವೆಯೆಂಬ ಅರ್ಥ ಹುಟ್ಟಿ, ಕನ್ನಡದಲ್ಲಿ ರೋಗಿಯ ಆರೈಕೆಗೆ ಆ ಹೆಸರು ರೂಢವಾಯಿತು. ರೋಗಿಯು ಹೇಳುವುದನ್ನೂ, ಹೇಳಲಾರದೆ ಉಳಿಸುವುದನ್ನೂ ಕೇಳುವ ಮನಸ್ಸೇ ಆರೈಕೆಯ ಮೊದಲ ಮೆಟ್ಟಿಲೆಂಬುದನ್ನು ಈ ಶಬ್ದವು ತನ್ನೊಳಗೆ ಇರಿಸಿಕೊಂಡಿದೆ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಮತ್ತು ಶುಚಿತ್ವ. ನಮ್ಮ ಅಜ್ಜಿಯ ಬಳಿಯಲ್ಲಿದ್ದವರಿಗೆ ಅನುರಾಗವಿತ್ತು, ಶುಚಿತ್ವವೂ ಇತ್ತು, ಜ್ಞಾನವಿರಲಿಲ್ಲ.

ಆಧುನಿಕ ಶುಶ್ರೂಷಾ ವಿದ್ಯೆಯ ತಾಯಿಯೆಂದು ಲೋಕವು ಗೌರವಿಸುವ ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿ ಮೇ 12ರಂದು ಜನಿಸಿದಳು. ಆ ದಿನವನ್ನೇ ಇಂದು ಅಂತರರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸುತ್ತಾರೆ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ಆಕೆ ತುರ್ಕಿಯ ಸ್ಕುಟಾರಿಯೆಂಬಲ್ಲಿಗೆ ಹೋದಳು. ಅಲ್ಲಿ ಗಾಯದಿಂದ ಸತ್ತವರಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರ ಮುಂತಾದ ರೋಗಗಳಿಂದ ಸತ್ತವರೇ ಹೆಚ್ಚು. 1855ರ ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಅಡಿಯಲ್ಲಿದ್ದ ಚರಂಡಿಗಳನ್ನು ಶುಚಿಗೊಳಿಸಿ ಗಾಳಿಯಾಡಲು ಅನುವು ಮಾಡಿಕೊಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ ನೂರಕ್ಕೆ 40ನ್ನೂ ಮೀರಿದ್ದ ಸಾವಿನ ಪ್ರಮಾಣವು ಜೂನ್ ತಿಂಗಳಿಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಆ ಅಂಕೆಗಳನ್ನು ಅಭ್ಯಾಸಮಾಡಿ, ಚಿತ್ರಗಳಲ್ಲಿ ಬಿಡಿಸಿ, ಅಧಿಕಾರಿಗಳ ಕಣ್ಣು ತೆರೆಸಿದವಳೂ ಆಕೆಯೇ. 1859ರಲ್ಲಿ ಅವಳು ಶುಶ್ರೂಷೆಯನ್ನು ಕುರಿತು ಬರೆದ ಪ್ರಸಿದ್ಧ ಪುಸ್ತಕವು ಆಸ್ಪತ್ರೆಯ ದಾದಿಯರಿಗಾಗಿ ಬರೆದುದಲ್ಲ. ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ ಬರೆದುದು. ಗುಣಪಡಿಸತಕ್ಕುದು ಪ್ರಕೃತಿ, ಆ ಕೆಲಸಕ್ಕೆ ಅಡ್ಡಿಯಾಗದಂತೆ ರೋಗಿಯನ್ನು ಒಳ್ಳೆಯ ಸ್ಥಿತಿಯಲ್ಲಿಡುವುದೇ ಶುಶ್ರೂಷೆ ಎಂಬುದು ಅವಳ ಬೋಧನೆಯ ತಿರುಳು.

ಒಂದು ಶತಮಾನದ ಬಳಿಕ, 1960ರಲ್ಲಿ, ಅಮೆರಿಕದ ವರ್ಜೀನಿಯಾ ಹೆಂಡರ್ಸನ್ ಎಂಬವರು ಅಂತರರಾಷ್ಟ್ರೀಯ ದಾದಿಯರ ಮಂಡಲಿಗಾಗಿ ಈ ವಿದ್ಯೆಯ ತತ್ತ್ವಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಸಂಗ್ರಹಿಸಿದರು. ಉಸಿರಾಟ, ಅನ್ನಪಾನ, ಮಲಮೂತ್ರ ವಿಸರ್ಜನೆ, ಚಲನೆ, ನಿದ್ರೆ, ಉಡುಗೆ, ದೇಹದ ಉಷ್ಣತೆ, ಶುಚಿತ್ವ, ಅಪಾಯದಿಂದ ರಕ್ಷಣೆ, ಮಾತುಕತೆ, ನಂಬಿಕೆಗೆ ತಕ್ಕ ಆಚರಣೆ, ಕೆಲಸ, ವಿನೋದ, ಕಲಿಕೆ ಎಂದು ಮನುಷ್ಯನ ಹದಿನಾಲ್ಕು ಅಗತ್ಯಗಳನ್ನು ಅವರು ಎಣಿಸಿದರು. ಆರೋಗ್ಯವಂತನು ಇವನ್ನೆಲ್ಲ ತಾನೇ ಪೂರೈಸಿಕೊಳ್ಳುತ್ತಾನೆ. ಶಕ್ತಿ, ಇಚ್ಛೆ ಅಥವಾ ತಿಳಿವಳಿಕೆ ಕುಂದಿದಾಗ ಅವನಿಗೆ ಎಷ್ಟು ನೆರವು ಬೇಕೋ ಅಷ್ಟನ್ನು ಮಾತ್ರ ಕೊಟ್ಟು, ಬೇಗನೆ ಅವನು ಸ್ವಾವಲಂಬಿಯಾಗುವಂತೆ ಮಾಡಬೇಕೆಂಬುದು ಅವರ ಮತ. ತತ್ತ್ವದ ಮಾತು ಇಷ್ಟು. ಇನ್ನು ಆಚರಣೆಯನ್ನು ನೋಡೋಣ.

ಮೊದಲನೆಯದು ಅವಲೋಕನ. ಸುಮ್ಮನೆ ನೋಡುವುದು ಬೇರೆ, ಅಳೆದು ಎಣಿಸಿ ಬರೆದಿಡುವುದು ಬೇರೆ. ದೇಹದ ಉಷ್ಣತೆಯು ಸಾಮಾನ್ಯವಾಗಿ 98.6 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರುತ್ತದೆ, 100.4ಕ್ಕೆ ಏರಿದರೆ ಅದು ಜ್ವರ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿಯು ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ; ಉಸಿರು 12ರಿಂದ 20 ಸಲ ಆಡುತ್ತದೆ. ಮಕ್ಕಳ ಉಸಿರಾಟವು ಇದಕ್ಕಿಂತ ವೇಗವಾಗಿರುವುದು ಸಹಜ. ಆದರೆ ಕೆಮ್ಮು ಅಥವಾ ಉಸಿರಾಟದ ತೊಂದರೆಯುಳ್ಳ ಮಗುವು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿದಲ್ಲಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರು ಕಂಡುಬಂದರೆ ಅದು ಶ್ವಾಸಕೋಶದ ಉರಿಯೂತದ ಸೂಚನೆಯಾಗಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಎರಡು ತಿಂಗಳು ತುಂಬದ ಕೂಸಿಗೆ ಕಾಯಿಲೆಯ ಯಾವ ಲಕ್ಷಣ ಕಂಡರೂ ಕಾಯುತ್ತ ಕುಳಿತಿರಬಾರದು. ಗಡಿಯಾರವೊಂದಿದ್ದರೆ ಏಳನೆಯ ತರಗತಿಯ ಹುಡುಗಿಯೂ ಈ ಎಣಿಕೆಯನ್ನು ಮಾಡಬಲ್ಲಳು.

ಎರಡನೆಯದು ಶುಚಿತ್ವ. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಅನಂತರವೂ ಸಾಬೂನಿನಿಂದ ಕೈಗಳನ್ನು ಕನಿಷ್ಠ 20 ಸೆಕೆಂಡುಗಳ ಕಾಲ ಉಜ್ಜಿ ತೊಳೆಯಬೇಕು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಬೆರೆಸಿದ ನೀರಿನಿಂದ ಕೈತೊಳೆಯುವ ಪದ್ಧತಿಯನ್ನು ತಂದೊಡನೆ ಬಾಣಂತಿಯರ ಸಾವು ಬಹುಮಟ್ಟಿಗೆ ಇಳಿಯಿತು. ರೋಗಿಯ ಕೋಣೆಗೆ ಗಾಳಿಬೆಳಕು ಬೇಕು. ಜ್ವರ ಬಂದವರಿಗೆ ಕಿಟಕಿ ಮುಚ್ಚಿ ಎರಡೆರಡು ಕಂಬಳಿ ಹೊದಿಸುವ ರೂಢಿಯನ್ನು ಬಿಡಬೇಕು.

ಮೂರನೆಯದು ಮಗ್ಗುಲು ಬದಲಿಸುವುದು. ತಾನಾಗಿ ಹೊರಳಲಾರದ ರೋಗಿಯ ಮೈಭಾರವು ಎಲುಬು ಉಬ್ಬಿರುವ ಸ್ಥಳಗಳ ಮೇಲೆ ಬೀಳುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಹೋಗಿ, ರಕ್ತ ಸಂಚರಿಸದೆ ಮಾಂಸವು ಸಾಯುತ್ತದೆ. ಹಾಸಿಗೆ ಹುಣ್ಣು ಹುಟ್ಟುವ ಬಗೆ ಇದು. ಸೊಂಟದ ಹಿಂಬದಿ, ತೊಡೆಯ ಸಂದಿನ ಹೊರಮೈ, ಹಿಮ್ಮಡಿ, ಮೊಣಕೈ, ಭುಜದ ಹಿಂಬದಿ, ತಲೆಯ ಹಿಂಭಾಗ ಇವನ್ನು ದಿನಾಲೂ ನೋಡಬೇಕು. ಬೆರಳಿನಿಂದ ಒತ್ತಿದರೂ ಮಾಯದ ಕೆಂಪು ಅದರ ಮೊದಲ ಲಕ್ಷಣ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರುವುದರಿಂದ ಬಿಸಿಯನ್ನೂ ಗಡುಸನ್ನೂ ಮುಟ್ಟಿ ತಿಳಿಯಬೇಕು. ಅಂತಹ ಸ್ಥಳವನ್ನು ತಿಕ್ಕಬಾರದು, ಅದರ ಮೇಲೆ ಭಾರ ಬೀಳದಂತೆ ಮಾಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯದೆ ಎತ್ತಿ ಸರಿಸಬೇಕು. ಹಾಸು ಸುಕ್ಕಿಲ್ಲದೆ ಒಣಗಿರಬೇಕು.

ನಾಲ್ಕನೆಯದು ಅನ್ನಪಾನ. ಮಂಪರಿನಲ್ಲಿರುವವರ ಬಾಯಿಗೆ ಗಂಜಿಯನ್ನಾಗಲಿ ನೀರನ್ನಾಗಲಿ ಹೊಯ್ಯುವುದು ಬಹಳ ಅಪಾಯಕರ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎಚ್ಚರವಿರುವಾಗ, ಬೆನ್ನಿಗೆ ಆನಿಕೆ ಕೊಟ್ಟು ಕುಳ್ಳಿರಿಸಿ, ಸ್ವಲ್ಪಸ್ವಲ್ಪವಾಗಿ ಉಣಿಸಬೇಕು; ಉಂಡ ಮೇಲೆಯೂ ಅರ್ಧ ಗಂಟೆ ಮಲಗಿಸಬಾರದು. ಭೇದಿಯಾದಾಗ ನೀರು ಕೊಡಬಾರದೆಂಬುದು ತಪ್ಪು ಕಲ್ಪನೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಲದ ಬನಗಾಂವಿನಲ್ಲಿ ಕಾಲರಾಕ್ಕೆ ಸಿಲುಕಿದಾಗ, ರಕ್ತನಾಳಕ್ಕೆ ಕೊಡುವ ದ್ರಾವಣವು ಸಾಲದೆ ಹೋಯಿತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತಲೂ ಕಡಿಮೆಯಾಯಿತು. ಮನೆಯವರ ಶುಶ್ರೂಷೆಯಿಂದ ಎಷ್ಟು ಪ್ರಾಣಗಳು ಉಳಿಯಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಔಷಧದಂಗಡಿಯ ಓಆರ್‌ಎಸ್ ಪೊಟ್ಟಣವೇ ಉತ್ತಮ. ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು. ಅದು ಸಿಗದಲ್ಲಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಹಾಕಿ ಕರಗಿಸಿ ಕೊಡಬಹುದು. ಕೂಸಿಗೆ ಎದೆಹಾಲನ್ನು ನಿಲ್ಲಿಸಬಾರದು.

ಐದನೆಯದು ಔಷಧ. ಇಲ್ಲಿ ಐದು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಕೈ ಮುಂದೆ ಮಾಡಬಾರದು: ಇದು ಇವರದೇ ಔಷಧವೇ? ವೈದ್ಯರು ಬರೆದ ಔಷಧವೇ? ಪ್ರಮಾಣ ಸರಿಯೇ? ಕುಡಿಯುವುದೇ, ಹಚ್ಚುವುದೇ? ಹೊತ್ತು ಸರಿಯೇ? ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಕೊಡಬಾರದು. ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ಅರ್ಧದಲ್ಲಿ ನಿಲ್ಲಿಸಲೂ ಬಾರದು.

ಆರನೆಯದು ಮರ್ಯಾದೆ. ಹಾಸಿಗೆಯಲ್ಲಿರುವವನು ಮನುಷ್ಯನೆಂಬುದನ್ನು ಮರೆಯಬಾರದು. ಮೈ ಒರೆಸುವಾಗ ಬಾಗಿಲು ಮುಚ್ಚಿ, ಬೇಕಾದಷ್ಟು ಭಾಗವನ್ನು ಮಾತ್ರ ತೆರೆಯಬೇಕು. ಏನು ಮಾಡಲಿದ್ದೇವೆಂಬುದನ್ನು ಮೊದಲೇ ಹೇಳಬೇಕು. ಅವನ ತಲೆಯ ಮೇಲಿಂದ "ಇನ್ನೇನಿದೆ, ದಿನ ಎಣಿಸುವುದಷ್ಟೇ" ಎಂದು ನೆಂಟರೊಡನೆ ಆಡಬಾರದು; ಮಾತನಾಡದವರಿಗೂ ಕಿವಿ ಕೇಳುತ್ತಿರಬಹುದು. ತಲೆ ಬಾಚಿಕೊಳ್ಳಲು, ಲೋಟ ಹಿಡಿಯಲು ಶಕ್ತಿಯಿದ್ದರೆ, ತಡವಾದರೂ ಚೆಲ್ಲಿದರೂ, ಅವನೇ ಮಾಡಲಿ. ಎಲ್ಲವನ್ನೂ ನಾವೇ ಮಾಡಿಕೊಡುವುದು ಪ್ರೀತಿಯಂತೆ ತೋರಿದರೂ ರೋಗಿಯ ಚೇತರಿಕೆಯನ್ನು ಹಿಂದಕ್ಕೆಳೆಯುತ್ತದೆ.

ಇಲ್ಲಿ ನಮ್ಮ ಕಾಸರಗೋಡಿಗೆ ಸಂಬಂಧಿಸಿದ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಅಜ್ಜಿಯಂದಿರಲ್ಲಿ ಅನೇಕರಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಆಸ್ಪತ್ರೆಯಲ್ಲಿ ಕೇಳುವವರ ಮಾತು ಬಹುಶಃ ಮಲಯಾಳ. ಉರಿ, ಸೆಳೆತ, ಇರಿತ, ಸಿಡಿತ, ಜೋಮು ಇವು ಕನ್ನಡದಲ್ಲಿ ಬೇರೆ ಬೇರೆ ಅನುಭವಗಳು. ರೋಗದ ಮೂಲವನ್ನು ಹುಡುಕುವ ವೈದ್ಯರಿಗೆ ಈ ಭೇದವು ಮುಖ್ಯವಾದುದು. ಎಲ್ಲವನ್ನೂ 'ವೇದನ' ಎಂಬ ಒಂದೇ ಶಬ್ದದಲ್ಲಿ ಮುಗಿಸಿಬಿಟ್ಟರೆ ಅರ್ಧ ಸುದ್ದಿಯು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಶಾಲೆಯಲ್ಲಿ ಎರಡು ಮೂರು ಭಾಷೆಗಳನ್ನು ಕಲಿಯುವ ನಮ್ಮ ಮಕ್ಕಳು ಇಲ್ಲಿ ದೊಡ್ಡ ಉಪಕಾರವನ್ನು ಮಾಡಬಲ್ಲರು. ಅಜ್ಜಿ ಹೇಳಿದುದನ್ನು ಕೂಡಿಸದೆ ಬಿಡದೆ ಹೇಳಬೇಕು, ತಿಳಿಯದಿದ್ದರೆ ತಿಳಿಯಲಿಲ್ಲವೆನ್ನಬೇಕು. ಆದರೆ ಗಂಭೀರವಾದ ಸುದ್ದಿಯನ್ನು ಹೊರುವ ಭಾರವನ್ನು ಎಳೆಯರ ಮೇಲೆ ಹಾಕಬಾರದು. ಜೊತೆಯಲ್ಲಿ ಹಿರಿಯರು ಇರಲೇಬೇಕು.

ಮನೆಯವರಿಗೆ ಕಲಿಸುವವರೂ ಇಂದು ಹತ್ತಿರದಲ್ಲಿಯೇ ಇದ್ದಾರೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಕಾರ್ಯವು ಬೆಳೆದು, 2008ರಲ್ಲಿ ಕೇರಳ ಸರಕಾರವು ಅದಕ್ಕೊಂದು ನೀತಿಯನ್ನೇ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ವತಿಯಿಂದ ದಾದಿಯರು ಬರುವ ಏರ್ಪಾಡು ಅದರ ಫಲ. ಅವರು ಬಂದಾಗ ಬಾಗಿಲಲ್ಲಿ ನಿಂತು ನೋಡದೆ, ಮಗ್ಗುಲು ಬದಲಿಸುವುದನ್ನೂ ಗಾಯ ತೊಳೆಯುವುದನ್ನೂ ಕೇಳಿ ಕಲಿತುಕೊಳ್ಳಿರಿ.

ವಿದ್ಯಾರ್ಥಿಮಿತ್ರರೇ, ಕೊನೆಯಲ್ಲಿ ನಿಮಗೊಂದು ಕೆಲಸ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಹಳೆಯ ನೋಟುಪುಸ್ತಕವೊಂದರಲ್ಲಿ ಗೆರೆ ಎಳೆದು ತಾರೀಕು, ಗಂಟೆ, ಜ್ವರ, ನಾಡಿ, ಉಸಿರು, ಕುಡಿದ ನೀರು, ತಿಂದ ಅನ್ನ, ಮೂತ್ರ, ಭೇದಿ, ಕೊಟ್ಟ ಔಷಧ, ಮಲಗಿದ ಮಗ್ಗುಲು ಎಂಬ ಅಂಕಣಗಳನ್ನು ಮಾಡಿರಿ. ರೋಗಿ ಹೇಳಿದ ಮಾತಿಗೂ ಒಂದು ಅಂಕಣವಿರಲಿ. ವೈದ್ಯರ ಮುಂದೆ ಅದನ್ನು ತೆರೆದಿಟ್ಟರೆ "ನಿನ್ನೆಯಿಂದ ಸ್ವಲ್ಪ ಜ್ವರ ಇತ್ತು" ಎಂಬ ಮಾತಿಗಿಂತ ಅದು ನೂರು ಪಾಲು ಉಪಯುಕ್ತವಾದೀತು. ನಮ್ಮ ಅಜ್ಜಿಯ ತಲೆದೆಸೆಯಲ್ಲಿ ಅಂತಹದೊಂದು ಪುಸ್ತಕವಿರಲಿಲ್ಲ. ನಿಮ್ಮ ಅಜ್ಜಿಯ ತಲೆದೆಸೆಯಲ್ಲಿ ಇರಲಿ.