ಶಾಲೆಗೂ ಒಂದು ಪ್ರಗತಿಪತ್ರ

ದೇಶದ ಪ್ರತಿ ಶಾಲೆಗೂ ಹನ್ನೊಂದು ಅಂಕಿಗಳ ಗುರುತು ಸಂಖ್ಯೆ ಇದೆ. ಮೇಷ್ಟರುಗಳ ಬಾಯಲ್ಲಿ ಅದು ಇಂದಿಗೂ ‘ಡೈಸ್ ಕೋಡ್’. ಮೊದಲ ಎರಡು ಅಂಕಿ ರಾಜ್ಯದವು, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆಗೆ, ಆಮೇಲಿನ ಎರಡು ಬ್ಲಾಕಿಗೆ, ಮೂರು ಹಳ್ಳಿ ಅಥವಾ ವಾರ್ಡಿಗೆ, ಕೊನೆಯ ಎರಡು ಶಾಲೆಗೆ. ಈ ಸಂಖ್ಯೆ ತಿಳಿದರೆ ಯಾರ ಅಪ್ಪಣೆಯೂ ಬೇಡ, ಶಾಲೆಗಳ ಮಾಹಿತಿ ಸಂಗ್ರಹಿಸುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಆ ಶಾಲೆಯ ವರದಿ ಕಾರ್ಡು ಸಿಗುತ್ತದೆ. ಮಕ್ಕಳ ಪ್ರಗತಿಪತ್ರಕ್ಕೆ ಸಹಿ ಹಾಕುತ್ತಲೇ ಬಂದ ತಂದೆತಾಯಿಯರಲ್ಲಿ ಬಹಳ ಮಂದಿಗೆ ಶಾಲೆಗೂ ಒಂದು ಪ್ರಗತಿಪತ್ರ ಇರುವುದು ಗೊತ್ತಿಲ್ಲ.

ಓದಲು ಕುಳಿತರೆ ಬಿಡಲು ಮನಸ್ಸಾಗದ ದಾಖಲೆ ಅದು. ತರಗತಿವಾರು ಹುಡುಗರೆಷ್ಟು, ಹುಡುಗಿಯರೆಷ್ಟು. ಕೊಠಡಿಗಳು ಎಷ್ಟು, ಅವುಗಳಲ್ಲಿ ರಿಪೇರಿ ಬೇಕಾದವು ಎಷ್ಟು. ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ. ಶಿಕ್ಷಕರ ಭಾಗದಲ್ಲಿ ಪಿಯುಸಿ ಓದಿದವರು, ಪದವೀಧರರು, ಡಿ.ಎಡ್. ಆದವರು, ಬಿ.ಎಡ್. ಆದವರು ಇಷ್ಟಿಷ್ಟು ಎಂಬ ಲೆಕ್ಕ. ಹಳೆಯ ಕಾರ್ಡುಗಳಲ್ಲಿ ಇನ್ನೊಂದು ಅಪರೂಪದ ಮಾಹಿತಿ ಇರುತ್ತಿತ್ತು: ಶಿಕ್ಷಕರು ಪಾಠ ಬಿಟ್ಟು ಬೇರೆ ಸರ್ಕಾರಿ ಕೆಲಸಕ್ಕೆ ಹೋದ ದಿನಗಳು. ಇಡೀ ಕಾರ್ಡಿನಲ್ಲಿ ಊರಿನವರು ಮೊದಲು ನೋಡಬೇಕಾಗಿದ್ದುದು ಇದನ್ನೇ. ಮಗು ಹಿಂದೆ ಬಿದ್ದಾಗ ಮೇಷ್ಟರನ್ನು ದೂರುವುದು ಸುಲಭ. ಆ ಮೇಷ್ಟರು ತರಗತಿಯಲ್ಲಿ ಇರಲು ಸರ್ಕಾರ ಬಿಟ್ಟಿತೇ ಎಂಬುದಕ್ಕೆ ಅಲ್ಲಿ ಉತ್ತರವಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟಕ್ಕೆ ಮಾತ್ರ ಶಿಕ್ಷಕರನ್ನು ಬಳಸಬಹುದು. ಆದರೂ 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಸಮೀಕ್ಷೆ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಹೀಗೆ ಕಳೆದ ದಿನಗಳ ಲೆಕ್ಕ ಶಾಲೆಯ ಗೋಡೆಯ ಮೇಲೆಯೇ ಇರಬೇಕು.

ಕಾರ್ಡಿಗೆ ಒಂದು ದೊಡ್ಡ ಮಿತಿಯೂ ಇತ್ತು. ಬಹುಕಾಲ ಅದು ಸೆಪ್ಟೆಂಬರ್ 30ರಂದು ಶಾಲೆ ಹೇಗಿತ್ತೋ ಅದನ್ನೇ ಹೇಳುತ್ತಿತ್ತು. ನವೆಂಬರಿನಲ್ಲಿ ವರ್ಗವಾಗಿ ಹೋದ ಶಿಕ್ಷಕರು ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತಿದ್ದರು.

ಮಾಹಿತಿ ಊರಿಗೆ ಸಲ್ಲಬೇಕೆಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಕಾಲದಲ್ಲಿ, 2001ರಲ್ಲಿ, ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಪೋಷಕರೇ ಹೆಚ್ಚಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದವು. ಸಾರ್ವಜನಿಕ ಸಂಸ್ಥೆಗಳು ತಮ್ಮ ಸಿಬ್ಬಂದಿಯ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ವಿಧಿಸಿತು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಪೋಷಕರ ಸಭೆ ಕರೆದು ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ.

ಶಿಕ್ಷಕರ ಅರ್ಹತೆ ಸೂಕ್ಷ್ಮ ವಿಷಯ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಕನಿಷ್ಠ ಅರ್ಹತೆಗಳನ್ನು ನಿಗದಿಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು (ಟಿಇಟಿ) ಸೇರಿಸಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತರೂ ಎರಡು ವರ್ಷದೊಳಗೆ ಅದನ್ನು ಪಾಸು ಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ಹೇಳಿತು. ಡಿ.ಎಡ್.ಗೆ ಟಿ.ಸಿ.ಎಚ್. ಎಂಬ ಹೆಸರಿದ್ದ ಕಾಲದಿಂದ ಪಾಠ ಹೇಳುತ್ತ ಬಂದ ಒಳ್ಳೆಯ ಶಿಕ್ಷಕರನ್ನು ಊರು ಈ ಒಂದೇ ಪರೀಕ್ಷೆಯಿಂದ ಅಳೆದರೆ ಅನ್ಯಾಯ. ಪೋಷಕರಿಗೆ ಹೆಚ್ಚು ಬೇಕಾದ ಮಾಹಿತಿ ಬೇರೆಯೇ ಇದೆ. ಆರರಿಂದ ಎಂಟನೇ ತರಗತಿಗೆ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರಾದರೂ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ‘ಬಿ.ಎಡ್. ಆದವರು ಮೂವರು’ ಎಂದು ಓದಿದವರಿಗೆ ಏಳನೇ ತರಗತಿಗೆ ಗಣಿತ ಹೇಳುವವರು ಗಣಿತ ಓದಿದವರೇ, ಕಾಯಂ ಶಿಕ್ಷಕರೇ, ಅತಿಥಿ ಶಿಕ್ಷಕರೇ ಎಂಬುದು ತಿಳಿಯುವುದಿಲ್ಲ.

ಫಲಿತಾಂಶದ ಶೇಕಡಾವಾರೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕದ ಮಿತಿ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಶಾಲೆಯ ಗೇಟಿಗೆ ‘ಶೇ 100 ಫಲಿತಾಂಶ’ದ ಬ್ಯಾನರ್ ಕಟ್ಟುವವರು ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರಲ್ಲಿ ಪರೀಕ್ಷೆಗೆ ಕೂತವರೆಷ್ಟು ಎಂಬುದನ್ನೂ ಅದರಲ್ಲೇ ಬರೆಸಬೇಕು.

ಈ ಎಲ್ಲಕ್ಕಿಂತ ಕರ್ನಾಟಕದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಹೆಚ್ಚು ಭರವಸೆ ಹುಟ್ಟಿಸುತ್ತದೆ. ಆ ಕಾರ್ಯಕ್ರಮದ ದಿನ ಪೋಷಕರು ಶಾಲೆಗೆ ಬಂದು ಮಕ್ಕಳ ಉತ್ತರಪತ್ರಿಕೆ ನೋಡುತ್ತಾರೆ, ಶಿಕ್ಷಕರ ಎದುರು ಕೂತು ಮಾತಾಡುತ್ತಾರೆ. ಅಕ್ಷರ ಬಾರದ ತಾಯಿಗೂ ಖಾಲಿ ಬಿಟ್ಟ ಪುಟ ಕಾಣುತ್ತದೆ. ಹೂಮಾಲೆ ಮತ್ತು ಭಾಷಣಗಳಲ್ಲಿ ಹೊತ್ತು ಕಳೆದುಹೋಗದಂತೆ ಮುಖ್ಯ ಶಿಕ್ಷಕರು ನೋಡಿಕೊಂಡರೆ ಇದಕ್ಕಿಂತ ಉತ್ತಮ ವೇದಿಕೆ ಬೇರೆ ಬೇಡ.

ಇಂಥ ಮಾಹಿತಿ ಊರಿನವರಿಗೆ ಸಿಕ್ಕರೆ ಕಲಿಕೆ ಸುಧಾರಿಸುತ್ತದೆಯೇ ಎಂಬ ಬಗ್ಗೆ ಸಂಶೋಧನೆಗಳು ಒಂದೇ ದಿಕ್ಕಿನಲ್ಲಿ ಮಾತಾಡುವುದಿಲ್ಲ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 280 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಭೆಗಳಿಂದಲೂ ಊರಿನವರೇ ತಯಾರಿಸಿದ ಕಲಿಕಾ ಕಾರ್ಡುಗಳಿಂದಲೂ ಸರ್ಕಾರಿ ಶಾಲೆ ಕದಲಲಿಲ್ಲ. ಶಿಕ್ಷಣ ಸಮಿತಿಯ ಕೆಲವು ಸದಸ್ಯರಿಗೆ ತಾವು ಸದಸ್ಯರೆಂಬುದೇ ತಿಳಿದಿರಲಿಲ್ಲ. ಹಳ್ಳಿಯ ಯುವಕರು ಓದಿಸುವ ಶಿಬಿರ ನಡೆಸಿದಾಗ ಮಾತ್ರ ಬಂದ ಮಕ್ಕಳ ಓದು ಸುಧಾರಿಸಿತು. ಕರ್ನಾಟಕ, ಮಧ್ಯಪ್ರದೇಶ, ಉತ್ತರ ಪ್ರದೇಶಗಳ 340 ಹಳ್ಳಿಗಳಲ್ಲಿ ಎಂಟೊಂಬತ್ತು ಸಭೆಗಳಂತೆ ಪ್ರಚಾರ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಮೂರು ರಾಜ್ಯಗಳಲ್ಲೂ ಕೆಲವು ತರಗತಿಗಳ ಕಲಿಕೆ ಏರಿತು. ಪಾಕಿಸ್ತಾನದ ಪಂಜಾಬಿನ 112 ಹಳ್ಳಿಗಳ ಅಧ್ಯಯನದಲ್ಲಿ, ಅರ್ಧದಷ್ಟು ಹಳ್ಳಿಗಳಲ್ಲಿ ಮಗುವಿನ ಅಂಕದ ಜೊತೆಗೆ ಊರಿನ ಎಲ್ಲ ಶಾಲೆಗಳ ಸರಾಸರಿಯನ್ನೂ ಪೋಷಕರ ಕೈಗೆ ಕೊಟ್ಟಾಗ ಕಲಿಕೆ ಹೆಚ್ಚಿತು, ಖಾಸಗಿ ಶಾಲೆಗಳ ಶುಲ್ಕ ಶೇ 17ರಷ್ಟು ಇಳಿಯಿತು. ಜೌನ್‌ಪುರಕ್ಕೂ ಪಂಜಾಬಿಗೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ: ಪಂಜಾಬಿನ ಪೋಷಕರ ಕೈಯಲ್ಲಿ ಊರಿನ ಶಾಲೆಗಳನ್ನು ಹೋಲಿಸಿ ನೋಡುವ ಅಂಕಿಗಳಿದ್ದವು.

ನಮ್ಮಲ್ಲಿ ಖಾಸಗಿ ಶಾಲೆಯ ಪೋಷಕರು ಸಾವಿರಗಟ್ಟಲೆ ಕಟ್ಟಿಯೂ ಶಿಕ್ಷಕರ ವಿದ್ಯಾರ್ಹತೆ ಕೇಳಲು ಹಿಂಜರಿಯುತ್ತಾರೆ. ಯುಡೈಸ್ ಮಾಹಿತಿಯನ್ನು ಆ ಶಾಲೆಗಳೂ ತುಂಬಬೇಕು. ಹನ್ನೊಂದು ಅಂಕಿಯ ಕೋಡ್ ಅವಕ್ಕೂ ಇದೆ. ಕಾರ್ಡಿನಲ್ಲಿ ಸಾಲದ್ದಕ್ಕೆ ಮಾಹಿತಿ ಹಕ್ಕಿನ ದಾರಿ ಇದೆ: ಖಾಸಗಿ ಸಂಸ್ಥೆಯಿಂದ ಬೇರೆ ಕಾನೂನಿನ ಮೂಲಕ ಇಲಾಖೆ ಪಡೆಯಬಹುದಾದ ವಿವರವೂ ಕಾಯ್ದೆಯ ‘ಮಾಹಿತಿ’ ವ್ಯಾಖ್ಯೆಯೊಳಗೆ ಬರುತ್ತದೆ. ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕೊಡಬೇಕು. ಶುಲ್ಕ 10 ರೂಪಾಯಿ.